ಎರ್ಮೆಲಿನ್ ಇಲ್ಲದ ವಂಶಾವಳಿ

ಕೊರ್ವಾಲ್ ಕೋಟೆಯಲ್ಲಿ ಹಬ್ಬದ ಊಟ ಮುಗಿದು, ಎಲುಬುಗಳು ನಾಯಿಗಳ ಪಾಲಾಗಿ, ದ್ರಾಕ್ಷಾರಸದ ಹೂಜಿಗಳು ಎರಡನೆಯ ಸುತ್ತು ಬರುವ ಹೊತ್ತಿಗೆ ಗುಂಡ್ರೆಡಾ ಅಮ್ಮ ವಂಶಾವಳಿ ಹೇಳುವುದು ಪದ್ಧತಿಯಾಗಿತ್ತು. ಯಾರೂ ಕೇಳಿಕೊಳ್ಳಬೇಕಾಗಿರಲಿಲ್ಲ. ಎತ್ತರದ ಮೇಜಿನ ಎಡತುದಿ ಅವರ ಜಾಗ. ಬೆರಳಿಗೆ ಹತ್ತಿದ ಮೀನಿನ ಜಿಡ್ಡು ಒರೆಸಿಕೊಂಡು, ಕಣ್ಣು ಮುಚ್ಚಿ ಶುರು ಮಾಡಿದರೆಂದರೆ ಕುಡಿದವರೂ ಸುಮ್ಮನಾಗುತ್ತಿದ್ದರು. ಸಮುದ್ರ ದಾಟಿ ಬಂದು ಈ ಬೆಟ್ಟದ ಮೇಲೆ ಮೊದಲ ಮರದ ಗೋಪುರ ನಿಲ್ಲಿಸಿದವನು ಹಮೆಲಿನ್. ಹಮೆಲಿನ್‌ಗೆ ಇಬ್ಬರು ಮಕ್ಕಳು, ಪೇಯ್ನ್ ಮತ್ತು ಎರ್ಮೆಲಿನ್. ಪೇಯ್ನ್‌ನ ಮಗ ಓಡೋ, ಓಡೋನ ಮಗಳು ಹಾವಿಸ್. ಎರ್ಮೆಲಿನ್‌ಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ತಾನು, ಚಿಕ್ಕವಳು ಬೊಸ್ಕೆ ಮನೆಗೆ ಸೊಸೆಯಾಗಿ ಹೋದ ಸಿಬಿಲ್. ಯಾರು ಯಾವ ಯುದ್ಧದಲ್ಲಿ ಸತ್ತರು, ಯಾರ ಕುದುರೆ ಯಾವ ಬಣ್ಣದ್ದು, ಯಾರ ಹೆರಿಗೆಯಲ್ಲಿ ಎಷ್ಟು ಹಿಮ ಬಿದ್ದಿತ್ತು ಎಂಬುದೆಲ್ಲ ಅದರೊಳಗೆ ಬರುತ್ತಿತ್ತು. ತಾಯಿಯ ಹೆಸರಿಗೆ ಬಂದಾಗ ಮಾತ್ರ ಅವರ ದನಿ ಸ್ವಲ್ಪ ಏರುತ್ತಿತ್ತು.

ಆ ತಾಯಿಯನ್ನು ಹೂಳಿದ್ದು ಕೋಟೆಯೊಳಗಿನ ಪ್ರಾರ್ಥನಾಮಂದಿರದ ನೆಲದ ಕೆಳಗೆ, ಪೇಯ್ನ್‌ನ ಪಕ್ಕದಲ್ಲಿ. ಗುಂಡ್ರೆಡಾ ಅಮ್ಮ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಹರೆಯದಲ್ಲೇ ತವರಿಗೆ ಮರಳಿದವರು. ಶನಿವಾರ ಬಂತೆಂದರೆ ಒದ್ದೆ ಬಟ್ಟೆ ಹಿಡಿದು ಆ ಕಲ್ಲನ್ನು ತಾವೇ ಒರೆಸುತ್ತಿದ್ದರು. ಪಕ್ಕದ ಖಾಲಿ ಜಾಗ ತಮ್ಮದು ಎಂದು ಎಲ್ಲರಿಗೂ ಹೇಳಿಟ್ಟಿದ್ದರು.

ಹಾವಿಸ್‌ಗೆ ಹಾಲುಹಲ್ಲು ಇದ್ದಾಗ ಅವಳ ತಲೆ ಬಾಚುವುದಕ್ಕೆಂದು ನನ್ನನ್ನು ಆ ಕೋಟೆಗೆ ತಂದರು. ಆ ಕೂದಲು ನರೆಯುವವರೆಗೂ ನಾನೇ ಬಾಚಿದೆ. ಎದುರಿಗೆ ಅಮ್ಮಾ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಅವಳು ಎಂದೂ ಹಾವಿಸ್. ತಾಯಿಯಿಲ್ಲದ ಆ ಮಗುವನ್ನು ಸಾಕಿದವರು ಗುಂಡ್ರೆಡಾ ಅಮ್ಮ. ಹಾವಿಸ್ ಅವರನ್ನು ಅತ್ತೆ ಎನ್ನುತ್ತಿದ್ದಳು. ಓಡೋ ದೊರೆಗೆ ಗಂಡುಮಕ್ಕಳಿಲ್ಲದ್ದರಿಂದ ಕೋಟೆ, ಕಾಡು, ಎರಡು ಗಿರಣಿಗಳ ಸಮೇತ ಎಲ್ಲವೂ ಹಾವಿಸ್‌ಳದೇ ಆಗುವುದಿತ್ತು. ಅಂಥ ಹುಡುಗಿಯನ್ನು ಯಾರಿಗೆ ಕೊಡುವುದು ಎಂಬ ಮಾತು ಬಂದಾಗ ಓಡೋ ದೂರ ಹೋಗಲಿಲ್ಲ. ಬೊಸ್ಕೆ ಮನೆಯ ಕಿರಿಯ ಮಗ ವಾರಿನ್, ಅಂದರೆ ಸತ್ತ ಸಿಬಿಲ್‌ಳ ಮಗ, ಗಡಿಯಲ್ಲಿ ವೆಲ್ಶ್ ಜನರ ವಿರುದ್ಧ ಓಡೋನ ಪಕ್ಕದಲ್ಲೇ ಕಾದಾಡಿದವನು. ಅವನಿಗೇ ಕೊಟ್ಟರು.

ಏಳು ತಲೆಯೊಳಗಿನ ರಕ್ತಸಂಬಂಧದಲ್ಲಿ ಮದುವೆ ಕೂಡದು ಎಂದು ಚರ್ಚಿನ ಕಟ್ಟಳೆ. ಇಲ್ಲಿ ಮೂರೇ ತಲೆ. ಆದರೆ ನಮ್ಮ ಗಡಿಸೀಮೆಯಲ್ಲಿ ಇರುವ ದೊಡ್ಡ ಮನೆಗಳೇ ಬೆರಳೆಣಿಕೆಯಷ್ಟು. ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಬೇಕು. ಆಗಿನ ಮುದಿ ಬಿಷಪ್ಪರು ಬೇಟೆಗೆಂದು ಬಂದು ಉಂಡು ಹೋದರೇ ವಿನಾ ಏನೂ ಕೇಳಲಿಲ್ಲ. ಮದುವೆಯ ಊಟದಲ್ಲೇ ಗುಂಡ್ರೆಡಾ ಅಮ್ಮ ಎಂದಿನಂತೆ ವಂಶಾವಳಿ ಹೇಳಿದರು. ಗಂಡಿನ ಅಜ್ಜಿಯೂ ಹೆಣ್ಣಿನ ಅಜ್ಜನೂ ಒಡಹುಟ್ಟಿದವರು ಎಂದು ಇನ್ನೂರು ಜನರ ಎದುರು ಹೆಮ್ಮೆಯಿಂದ ಸಾರಿದರು. ಜನ ಚಪ್ಪಾಳೆ ತಟ್ಟಿದರು.

ದೊಡ್ಡ ಮನೆಗಳ ಮದುವೆಯಲ್ಲಿ ಪ್ರೀತಿಯನ್ನು ಯಾರೂ ನಿರೀಕ್ಷಿಸುವುದಿಲ್ಲ. ಬಂದರೆ ಅದು ಮೇಲಿನ ಲಾಭ. ಇವರಿಬ್ಬರಿಗೆ ಬಂತು. ವಾರಿನ್ ಕಡಿಮೆ ಮಾತಿನವನು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವನು. ಗಡಿಯಿಂದ ಮರಳಿ ಬಂದಾಗ ಕುದುರೆಯಿಂದ ಇಳಿಯುವ ಮೊದಲೇ ಅವನ ಕಣ್ಣು ಮೇಲಿನ ಕಿಟಕಿಯನ್ನು ಹುಡುಕುತ್ತಿತ್ತು. ಅಂಥ ದಿನಗಳಲ್ಲಿ ಹಾವಿಸ್‌ಳ ತಲೆ ಬಾಚುವುದು ನನ್ನಿಂದಾಗುತ್ತಿರಲಿಲ್ಲ, ಅವಳು ನಿಂತ ಕಡೆ ನಿಲ್ಲುತ್ತಿರಲಿಲ್ಲ. ಎರಡು ಗಂಡುಮಕ್ಕಳು ಹುಟ್ಟಿ ತೊಟ್ಟಿಲಲ್ಲೇ ಹೋದವು. ಆಮೇಲೆ ಅವೆಲಿನ್ ಹುಟ್ಟಿದಳು. ಆ ಹೆರಿಗೆಯಲ್ಲಿ ಹಾವಿಸ್ ಬದುಕಿದ್ದೇ ಹೆಚ್ಚು. ಇನ್ನು ಈಕೆಗೆ ಮಕ್ಕಳಾಗುವುದಿಲ್ಲ ಎಂದು ಸೂಲಗಿತ್ತಿ ನನ್ನ ಹತ್ತಿರ ಹೇಳಿದಳು, ನಾನು ಗುಂಡ್ರೆಡಾ ಅಮ್ಮನಿಗೆ ಹೇಳಿದೆ. ಕೋಟೆಯ ಗೋಡೆಗಳಿಗೆ ಕಿವಿ ಇರುತ್ತದಲ್ಲ, ಅದು ದ್ರೋಗೋಗೂ ತಲುಪಿತು.

ದ್ರೋಗೋ ಓಡೋನ ತಮ್ಮನ ಮಗ. ಅವೆಲಿನ್ ಇಲ್ಲದಿದ್ದರೆ ಹಾವಿಸ್ ಆದಮೇಲೆ ಎಲ್ಲವೂ ಅವನಿಗೇ. ಆ ಮನುಷ್ಯ ಕೆಟ್ಟದ್ದನ್ನು ಕೂಗಾಡದೆ ಮಾಡುವವನು. ಓಡೋ ಸಾಯುವವರೆಗೆ ಕಾದ. ಮುದಿ ಬಿಷಪ್ಪರು ಸತ್ತು ಹೊಸಬರು ಬರುವವರೆಗೆ ಕಾದ. ಹೊಸಬರು ಪ್ಯಾರಿಸ್ಸಿನಲ್ಲಿ ಓದಿ ಬಂದವರು, ಕಟ್ಟಳೆಯೆಂದರೆ ಕಟ್ಟಳೆ. ಅವೆಲಿನ್‌ಗೆ ಆರು ತುಂಬಿದ ವರ್ಷ ದ್ರೋಗೋ ಅವರ ಮುಂದೆ ದೂರಿಟ್ಟ. ಕೊರ್ವಾಲಿನ ಹಾವಿಸ್ ಮತ್ತು ಬೊಸ್ಕೆಯ ವಾರಿನ್ ಒಂದೇ ರಕ್ತದವರು, ಅವರದು ಮದುವೆಯಲ್ಲ, ಪಾಪ. ಗೊತ್ತಿಲ್ಲದೆ ಮಾಡಿಕೊಂಡೆವು ಎನ್ನುವ ಹಾಗೂ ಇಲ್ಲ, ಮದುವೆಯ ದಿನವೇ ಕಿವಿಯಾರೆ ಕೇಳಿದ್ದಾರೆ. ಆದ್ದರಿಂದ ಅವರ ಮಗು ಹಾದರಕ್ಕೆ ಹುಟ್ಟಿದ್ದು, ಅದಕ್ಕೆ ಆಸ್ತಿಯಲ್ಲಿ ಹಕ್ಕಿಲ್ಲ. ಸಾಕ್ಷಿಯಾಗಿ ಅವನು ಕರೆದದ್ದು ಒಬ್ಬರನ್ನೇ. ಹಳಬರಲ್ಲಿ ಬದುಕಿದ್ದವರೂ ಅವರೊಬ್ಬರೇ.

ಬಿಷಪ್ಪರ ಕಡೆಯಿಂದ ಕರೆ ಬಂದ ದಿನ ಗುಂಡ್ರೆಡಾ ಅಮ್ಮ ಊಟಕ್ಕೆ ಬರಲಿಲ್ಲ. ಮರುದಿನ ಹಾವಿಸ್ ಅವರ ಕೋಣೆಗೆ ಹೋದಳು, ನಾನೂ ಹಿಂದೆ ಇದ್ದೆ. ಅವರು ಕಿಟಕಿಯ ಬಳಿ ಕೂತು ನೂಲುತ್ತಿದ್ದರು. ಹಾವಿಸ್ ಅವರ ಪಾದದ ಬಳಿ ನೆಲದ ಮೇಲೆ ಕೂತು, ಸುಳ್ಳು ಹೇಳಿ ಎಂದು ನಾನು ಕೇಳುವುದಿಲ್ಲ ಅತ್ತೆ, ಸಂತರ ಎಲುಬಿನ ಮೇಲೆ ಕೈಯಿಟ್ಟು ಸುಳ್ಳು ಹೇಳಿದವರಿಗೆ ನರಕವೇ ಗತಿ ಎಂದು ನನಗೆ ಗೊತ್ತು, ಇದ್ದದ್ದನ್ನು ಹೇಳಿಬಿಡಿ ಎಂದಳು. ಹೇಳುವಾಗ ಅವಳು ಅಳಲಿಲ್ಲ. ಗುಂಡ್ರೆಡಾ ಅಮ್ಮ ಕದಿರು ನಿಲ್ಲಿಸಿ ಅವಳ ತಲೆಯ ಮೇಲೆ ಕೈಯಿಟ್ಟರು. ನೋಡೋಣ ಮಗಳೇ ಎಂದರು, ಅಷ್ಟೇ.

ವಿಚಾರಣೆ ನಡೆದದ್ದು ಶರತ್ಕಾಲದಲ್ಲಿ, ನದಿಯಾಚೆಯ ದೊಡ್ಡ ಚರ್ಚಿನಲ್ಲಿ. ಬಿಷಪ್ಪರು ಕಳಿಸಿದ ಧರ್ಮಾಧಿಕಾರಿ ತೆಳ್ಳಗಿನ ಮನುಷ್ಯ, ನೆಗಡಿಯಾಗಿತ್ತು, ಆಗಾಗ ಮೂಗು ಒರೆಸಿಕೊಳ್ಳುತ್ತಿದ್ದ. ಅವನ ಮುಂದೆ ಬೆಳ್ಳಿಯ ಪೆಟ್ಟಿಗೆಯಲ್ಲಿ ಯಾವುದೋ ಸಂತರ ತೋಳಿನ ಎಲುಬು. ಒಂದು ಕಡೆ ದ್ರೋಗೋ ಮತ್ತವನ ಕಡೆಯವರು, ಇನ್ನೊಂದು ಕಡೆ ಹಾವಿಸ್ ಮತ್ತು ವಾರಿನ್. ಅಂದು ಬೆಳಿಗ್ಗೆ ದೋಣಿಯಲ್ಲಿ ಬರುವಾಗ ಅವರಿಬ್ಬರೂ ಗಂಡಹೆಂಡಿರಾಗಿ ಬಂದಿದ್ದರು. ಹೋಗುವಾಗ ಏನಾಗಿ ಹೋಗುವರೋ ಎಂದು ನಾನು ಯೋಚಿಸುತ್ತಿದ್ದೆ. ಬೊಸ್ಕೆಯಿಂದ ವಾರಿನ್‌ನ ಅಣ್ಣ ಫುಲ್ಕ್ ಕೂಡ ಬಂದಿದ್ದ.

ಗುಂಡ್ರೆಡಾ ಅಮ್ಮ ಹಬ್ಬಕ್ಕೆ ತೊಡುವ ಹಸಿರು ನಿಲುವಂಗಿ ತೊಟ್ಟುಕೊಂಡು ಬಂದರು. ಪೆಟ್ಟಿಗೆಯ ಮೇಲೆ ಕೈಯಿಟ್ಟು, ಸತ್ಯವನ್ನೇ ಹೇಳುತ್ತೇನೆಂದು ಆಣೆ ಮಾಡಿದರು. ಧರ್ಮಾಧಿಕಾರಿ ಹಾವಿಸ್‌ಳ ಕಡೆಯಿಂದ ಹಿಡಿದು ಮೇಲಕ್ಕೆ ಕೇಳುತ್ತ ಹೋದ. ಹಾವಿಸ್ ಓಡೋನ ಮಗಳು, ಓಡೋ ಪೇಯ್ನ್‌ನ ಮಗ, ಪೇಯ್ನ್ ಹಮೆಲಿನ್‌ನ ಮಗ. ಎಲ್ಲವನ್ನೂ ಸರಾಗವಾಗಿ ಹೇಳಿದರು. ಆಮೇಲೆ ವಾರಿನ್‌ನ ಕಡೆ. ವಾರಿನ್ ಸಿಬಿಲ್‌ಳ ಮಗ, ಸಿಬಿಲ್ ನನ್ನ ತಂಗಿ, ನಮ್ಮ ತಾಯಿ ಎರ್ಮೆಲಿನ್.

"ಎರ್ಮೆಲಿನ್ ಯಾರ ಮಗಳು?" ಎಂದು ಧರ್ಮಾಧಿಕಾರಿ ಕೇಳಿದ.

"ಅದು ನಂಗೊತ್ತಿಲ್ಲ ಸ್ವಾಮಿ."

ಅವನು ತಲೆಯೆತ್ತಿದ. ಗುಂಡ್ರೆಡಾ ಅಮ್ಮ ಕೈಯನ್ನು ಪೆಟ್ಟಿಗೆಯ ಮೇಲಿಂದ ತೆಗೆದಿರಲಿಲ್ಲ.

"ಹಮೆಲಿನ್ ದೊರೆ ಮಗಳು ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದೆ. ಅದು ಸುಳ್ಳು. ಅವರಿಗೊಂದು ಹೆಣ್ಣುಕೂಸು ಹುಟ್ಟಿದ್ದು ನಿಜ. ಆ ವರ್ಷ ವೆಲ್ಶ್ ಜನ ಗೋಪುರಕ್ಕೆ ಬೆಂಕಿ ಇಟ್ರು. ಹೊಗೆ ಕುಡಿದು ಕೂಸು ಸತ್ತೋಯ್ತು. ಬಾಣಂತಿ ಬುದ್ಧಿ ಕೆಟ್ಟು ಖಾಲಿ ತೊಟ್ಲು ತೂಗ್ತಾ ಕೂತಿದ್ಲಂತೆ. ಅವಳು ಬದುಕ್ಲಿ ಅಂತ ಒಬ್ಬ ಅಗಸಗಿತ್ತಿ ಕೂಸನ್ನ ತಂದು ಎದೆಗೆ ಹಾಕಿದ್ರು. ಆ ಕೂಸೇ ನಮ್ಮವ್ವ. ಅಪ್ಪ ಯಾರೋ, ಅಗಸಗಿತ್ತಿಗೇ ಗೊತ್ತಿತ್ತೋ ಇಲ್ವೋ. ಸಾಯೋ ಮುಂಚೆ ಅವ್ವನೇ ನಂಗೆ ಹೇಳಿದ್ದು."

ದ್ರೋಗೋ ಮೊದಲು ನಕ್ಕ. ಆಮೇಲೆ ಎದ್ದು, ಈ ಮುದುಕಿ ಹಬ್ಬಹಬ್ಬಕ್ಕೂ ಹೇಳುತ್ತಿದ್ದದ್ದೇ ಬೇರೆ, ಅದನ್ನು ಸೀಮೆಗೆ ಸೀಮೆಯೇ ಕೇಳಿದೆ ಎಂದ. ಗುಂಡ್ರೆಡಾ ಅಮ್ಮ ಅವನ ಕಡೆ ತಿರುಗಿದರು.

"ಕೇಳಿದಾರೆ. ಜಂಬಕ್ಕೆ ಹೇಳ್ಕೊಂಡೆ ಕಣೋ. ಅಗಸಗಿತ್ತಿ ಮೊಮ್ಮಗಳಿಗೆ ಎತ್ತರದ ಮೇಜಲ್ಲಿ ಯಾರು ಜಾಗ ಕೊಡ್ತಾರೆ? ನೀನು ಕೊಡ್ತಿದ್ಯಾ?"

ಧರ್ಮಾಧಿಕಾರಿ ಬಹಳ ಹೊತ್ತು ಅವರನ್ನೇ ನೋಡಿದ. ಇನ್ನೊಬ್ಬರ ಮಾನ ಕಳೆಯಲು ಸುಳ್ಳು ಹೇಳುವವರನ್ನು ನಾನು ಕಂಡಿದ್ದೇನೆ, ಹೆತ್ತ ತಾಯಿಯ ಮಾನವನ್ನೂ ತನ್ನ ಮಾನವನ್ನೂ ಕಳೆದುಕೊಳ್ಳಲು ಸುಳ್ಳು ಹೇಳುವವರನ್ನು ಕಂಡಿಲ್ಲ ಎಂದ. ದ್ರೋಗೋಗೆ ಬೇರೆ ಸಾಕ್ಷಿ ಇರಲಿಲ್ಲ. ಮದುವೆ ಉಳಿಯಿತು.

ಹಾವಿಸ್‌ಗೆ ಸಂತೋಷಪಡುವುದಕ್ಕೂ ಧೈರ್ಯ ಬರಲಿಲ್ಲ. ದೋಣಿಯಲ್ಲಿ ಮರಳುವಾಗ ವಾರಿನ್‌ನ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದಳು, ಕಣ್ಣು ಮಾತ್ರ ಅತ್ತೆಯ ಮೇಲೆ. ಅತ್ತೆ ನೀರು ನೋಡುತ್ತ ಕೂತಿದ್ದರು. ಕೋಟೆಗೆ ಬಂದ ಮೇಲೆ ಊಟದ ಹೊತ್ತಿಗೆ ಅವರು ಎತ್ತರದ ಮೇಜಿಗೆ ಹೋಗಲಿಲ್ಲ. ಕೆಳಗೆ ನಮ್ಮ ಜೊತೆ ಬೆಂಚಿನ ಮೇಲೆ, ಬೇಕರಿಯವಳ ಪಕ್ಕದಲ್ಲಿ ಕೂತು ಬಟಾಣಿ ಗಂಜಿಯ ಬಟ್ಟಲು ಎಳೆದುಕೊಂಡರು. ಹಾವಿಸ್ ಇಳಿದು ಬಂದು ಕರೆದಳು. ಆಣೆ ಮಾಡಿ ಹೇಳಿದವಳು ಮೇಲೆ ಬಂದು ಕೂತರೆ ನಾಳೆಯೇ ದ್ರೋಗೋಗೆ ಸುದ್ದಿ ಹೋಗುತ್ತದೆ, ನಿನ್ನ ಊಟ ನೀನು ಮಾಡು ಹೋಗು ಎಂದು ಗದರಿ ಕಳಿಸಿದರು. ತಮ್ಮ ಕೋಣೆಯನ್ನೂ ಬಿಟ್ಟು ಬೇಕರಿಯ ಪಕ್ಕದ ಸಣ್ಣ ಕೋಣೆಗೆ ಬಂದರು. ಶನಿವಾರ ಕಲ್ಲು ಒರೆಸಲು ಹೋಗುವುದನ್ನೂ ನಿಲ್ಲಿಸಿದರು. ಅಗಸಗಿತ್ತಿಯ ಮಗಳ ಕಲ್ಲು ದೊರೆಗಳ ನಡುವೆ ಏಕೆ ಎಂದು ದ್ರೋಗೋ ತಗಾದೆ ಎತ್ತಿದ್ದರಿಂದ ಚಳಿಗಾಲಕ್ಕೆ ಮೊದಲೇ ಅದನ್ನು ಕಿತ್ತರು. ಎಲುಬುಗಳನ್ನು ಊರ ಸ್ಮಶಾನಕ್ಕೆ ಸಾಗಿಸಿದರು. ಅಂದು ಗುಂಡ್ರೆಡಾ ಅಮ್ಮ ಹೊರಗೆ ಬರಲಿಲ್ಲ. ಮಗ್ಗುಲ ಒಲೆಯ ಬೇಕರಿಯವಳು, ದಿನವಿಡೀ ಗೋಡೆಯಾಚೆ ಒಂದು ಸದ್ದೂ ಕೇಳಲಿಲ್ಲ ಎಂದಳು.

ಬೊಸ್ಕೆಯ ಫುಲ್ಕ್ ತಮ್ಮನ ಮನೆಗೆ ಕಾಲಿಡುವುದನ್ನು ಬಿಟ್ಟ. ಅವನ ತಾಯಿಯ ಮೇಲೂ ಕೊಳಚೆ ಬಿದ್ದಿತ್ತಲ್ಲ. ಗಡಿಯ ಪಾಳೆಯದಲ್ಲಿ ಹುಡುಗಾಟದ ಸವಾರರು ವಾರಿನ್‌ನ ಡೇರೆಯ ಮುಂದೆ ಕೊಳೆ ಅಂಗಿಗಳನ್ನು ರಾಶಿ ಹಾಕಿ ಹೋಗುತ್ತಿದ್ದರಂತೆ. ಅವನು ಅವುಗಳನ್ನು ದಾಟಿಕೊಂಡು ನಡೆಯುತ್ತಿದ್ದನಂತೆ, ಒಮ್ಮೆಯೂ ಕತ್ತಿಗೆ ಕೈ ಹಾಕಲಿಲ್ಲವಂತೆ.

ಅವೆಲಿನ್‌ಗೆ ವಂಶಾವಳಿ ಕಲಿಸುವ ಕೆಲಸ ಮಾತ್ರ ನಿಲ್ಲಲಿಲ್ಲ. ಮಗು ಬೇಕರಿಯ ಬೆಚ್ಚಗಿನ ಗೋಡೆಗೆ ಒರಗಿ ಕೂತು ಹೇಳಿಸಿಕೊಳ್ಳುತ್ತಿತ್ತು. ಹಮೆಲಿನ್‌ಗೆ ಇಬ್ಬರು ಮಕ್ಕಳು ಎಂದು ಶುರು ಮಾಡಿತು. ಒಬ್ಬನೇ ಎಂದು ಅಜ್ಜಿ ತಿದ್ದಿದರು. ಮತ್ತೆ ಎರ್ಮೆಲಿನ್ ಎಲ್ಲಿ ಹೋದಳು ಎಂದು ಮಗು ಕೇಳಿತು. ಅಂಥವಳು ಈ ಮನೆಯಲ್ಲಿ ಇರಲಿಲ್ಲ ಮಗೂ, ಅಜ್ಜಿಗೆ ಅರಳುಮರಳು ಎಂದರು. ಮಗು ತಪ್ಪಿದಾಗಲೆಲ್ಲ ತಿದ್ದಿದರು. ತಪ್ಪದೆ ಹೇಳುವ ಹಾಗಾದ ದಿನ ಅದರ ಕೈಗೆ ಜೇನು ಸವರಿದ ರೊಟ್ಟಿಯ ಚೂರು ಕೊಟ್ಟು, ತಾವು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಅತ್ತೆ ಹೇಳಿದ್ದನ್ನು ಹಾವಿಸ್ ಆ ಚಳಿಗಾಲವೆಲ್ಲ ನಂಬಿದಳು, ಅಥವಾ ನಂಬಬೇಕೆಂದು ನಂಬಿದಳು. ಈಸ್ಟರ್ ಹಬ್ಬ ಬಂತು. ಅಂದು ಪಾಪ ಹೇಳಿಕೊಂಡು ಪ್ರಸಾದ ತೆಗೆದುಕೊಳ್ಳದವರು ನಮ್ಮಲ್ಲಿ ಯಾರೂ ಇಲ್ಲ, ಕಳ್ಳರೂ ತೆಗೆದುಕೊಳ್ಳುತ್ತಾರೆ. ಸಾಲು ಮುಂದೆ ಸರಿಯುತ್ತಿದ್ದಾಗ ಗುಂಡ್ರೆಡಾ ಅಮ್ಮ ಕೆಮ್ಮು ಬಂದವರ ಹಾಗೆ ಹೊರಗೆ ಹೋದರು. ಹಾವಿಸ್ ಬಾಗಿಲ ಕಡೆ ನೋಡುತ್ತ ನಿಂತುಬಿಟ್ಟಳು. ಹಿಂದಿನವರು ತಳ್ಳಿದ ಮೇಲೇ ಅವಳ ಕಾಲು ಕದಲಿದ್ದು. ಕೋಣೆಗೆ ಬಂದ ಮೇಲೆ, ಗೋಡಿತ್, ಅತ್ತೆ ನಿಜವನ್ನೇ ಹೇಳಿದ್ದರೆ ಅವರಿಗೆ ದೇವರ ಹತ್ತಿರ ಹೋಗಲು ಭಯವೇಕೆ ಎಂದು ನನ್ನನ್ನು ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು.

ಹುಲ್ಲು ಕೊಯ್ಯುವ ಕಾಲಕ್ಕೆ ಗುಂಡ್ರೆಡಾ ಅಮ್ಮ ಹಾಸಿಗೆ ಹಿಡಿದರು. ಹೊಟ್ಟೆಯಲ್ಲಿ ಗಡ್ಡೆಯಿತ್ತು, ಎಂದಿನಿಂದಲೋ. ಉಳಿದವರನ್ನು ಹೊರಗೆ ಕಳಿಸಿ ಹಾವಿಸ್ ಅವರ ಪಕ್ಕ ಕೂತಳು. ನಾನು ನೊಣ ಓಡಿಸುತ್ತಿದ್ದೆ. ಕಿಟಕಿಯಿಂದ ಬಿಸಿಲೂ ಹಸಿಹುಲ್ಲಿನ ವಾಸನೆಯೂ ಬರುತ್ತಿದ್ದವು.

"ಅತ್ತೆ, ತರ್ಸ್ಟನ್ ಪಾದ್ರಿ ಬಾಗ್ಲಲ್ಲಿ ಕೂತಿದಾರೆ."

"ಬಿಸಿಲಲ್ಲಿ ಬಂದಿದಾರೆ, ಪಾಪ. ಕುಡಿಯೋಕೆ ಏನಾದ್ರೂ ಕೊಡ್ಸು."

"ಅವರ ಹತ್ರ ಹೇಳ್ಕೊಳ್ಳಿ."

"ಏನು ಹೇಳ್ಕೊಳ್ಲಿ? ಅಗಸಗಿತ್ತಿ ಮೊಮ್ಮಗಳು ಅಂತ ಊರಿಗೇ ಹೇಳಾಯ್ತಲ್ಲ."

"ನೀವು ಅಗಸಗಿತ್ತಿ ಮೊಮ್ಮಗಳಲ್ಲ."

ಮುದುಕಿ ಕಣ್ಣು ಮುಚ್ಚಿದರು. ಇಲ್ಲವೆನ್ನಲಿಲ್ಲ. ಯಾವುದೋ ಅಡುಗೆಯ ವಿಷಯ ವಿವರಿಸುವ ಹಾಗೆ ಹೇಳಿದರು.

"ಪಾದ್ರಿ ಹತ್ರ ಹೇಳಿದ್ರೆ ಅವರೇನಂತಾರೆ? ಆಡಿದ ಮಾತು ವಾಪಸ್ ತಗೋ, ಆಮೇಲೆ ಕ್ಷಮೆ ಅಂತಾರೆ. ವಾಪಸ್ ತಗೊಂಡ್ರೆ ನಾಳೆನೇ ದ್ರೋಗೋ ಬರ್ತಾನೆ. ಅದಕ್ಕೇ ಹೇಳಲ್ಲ. ಸುಮ್ನೆ ತಲೆ ತಿನ್ಬೇಡ."

"ವಾಪಸ್ ತಗೊಳ್ಳಿ ಅತ್ತೆ. ನಿಮ್ಮನ್ನ ನರಕಕ್ಕೆ ಕಳ್ಸಿ ನಾನು ಯಾವ ಸುಖ ಪಡ್ಲಿ? ವಾರಿನ್‌ನ ಬಿಡ್ತೀನಿ. ಇವತ್ತೇ ಬಿಡ್ತೀನಿ."

"ಅವೆಲಿನ್‌ನ?"

ಕೆಳಗೆ ಅಂಗಳದಲ್ಲಿ ಮಗು ಕೋಳಿಗಳನ್ನು ಅಟ್ಟುತ್ತ ಕೇಕೆ ಹಾಕುತ್ತಿತ್ತು. ಅದು ನಮ್ಮೆಲ್ಲರಿಗೂ ಕೇಳುತ್ತಿತ್ತು. ಹೂಂ, ಅಷ್ಟೇ ಮತ್ತೆ ಎಂದು ಮುದುಕಿ ಹಾವಿಸ್‌ಳ ಕೈ ತಟ್ಟಿದರು. ಇಷ್ಟು ಹೊತ್ತೂ ಗಟ್ಟಿಯಾಗಿದ್ದವರು ಆಮೇಲೆ ಆ ಕೈಯನ್ನೇ ಬಿಗಿಯಾಗಿ ಹಿಡಿದುಕೊಂಡರು.

"ಹೆದರಿಕೆ ಆಗ್ತಿದೆ ಹಾವಿಸ್. ಕೈ ಬಿಡ್ಬೇಡ. ನರಕದ ಬೆಂಕಿದಲ್ಲ ಕಣೇ. ಅವ್ವ ಮೇಲೆ ಕಾಯ್ತಿರ್ತಾಳೆ. ಅವಳನ್ನ ನನ್ನವ್ವ ಅಲ್ಲ ಅಂದೆ ಅಂತ ಅವಳಿಗೆ ಗೊತ್ತೋ ಇಲ್ವೋ. ನಾನು ಬರಲ್ಲ ಅಂತ ಹೇಳೋಕೆ ಅಲ್ಲಿ ಯಾರಿದಾರೆ?"

ಆಮೇಲೆ ಅವರು ಹೆಚ್ಚು ಮಾತಾಡಲಿಲ್ಲ. ಪಾದ್ರಿ ಎರಡು ಸಲ ಬಾಗಿಲು ತಟ್ಟಿದರು. ಅವರಿಗೂ ನಮಗೂ ನಡುವೆ ಒಂದು ಹಲಗೆಯ ಬಾಗಿಲು. ಹಾವಿಸ್ ಎದ್ದು ಅದನ್ನು ತೆರೆದು, ಅತ್ತೆಯ ಬದಲು ತಾನೇ ಎಲ್ಲವನ್ನೂ ಹೇಳಿಬಿಡಬಹುದಿತ್ತು. ಅವಳು ಬಾಗಿಲ ಕಡೆ ನೋಡಿದ್ದನ್ನು ನಾನು ನೋಡಿದೆ. ಅತ್ತೆಯ ಕೈ ಹಿಡಿದುಕೊಂಡು ಕೂತೇ ಇದ್ದಳು. ಮಧ್ಯಾಹ್ನ ಹುಲ್ಲಿನ ಗಾಡಿಗಳು ಒಳಗೆ ಬರುವ ಹೊತ್ತಿಗೆ ಗುಂಡ್ರೆಡಾ ಅಮ್ಮನ ಉಸಿರು ನಿಂತಿತು. ಆಗ ಬಾಗಿಲು ತೆರೆದೆವು.

ತರ್ಸ್ಟನ್ ಪಾದ್ರಿ ಒಳ್ಳೆಯ ಮನುಷ್ಯ. ನಾಲಗೆ ಬಿದ್ದುಹೋಗಿ ಹೇಳಿಕೊಳ್ಳಲಾಗಲಿಲ್ಲ ಎಂದು ತಾವೇ ಊಹಿಸಿ, ಊರ ಸ್ಮಶಾನದ ಬಡಗಣ ಮೂಲೆಯಲ್ಲಿ ಜಾಗ ಕೊಟ್ಟರು. ಮಣ್ಣಿಗೆ ನಾವು ಕೆಲವೇ ಜನ ಹೋದೆವು. ಗಡಿಯಿಂದ ವಾರಿನ್ ಕುದುರೆಯನ್ನು ನೊರೆ ಬರುವಂತೆ ಓಡಿಸಿಕೊಂಡು ಬಂದ. ತನ್ನ ತಾಯಿಯ ಹೆಸರಿಗೆ ಮಸಿ ಬಳಿದವಳ ಮಣ್ಣಿಗೆ ಅವನು ಬಾರದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಗುಂಡಿ ತೋಡುವವನ ಕೈಯಿಂದ ಗುದ್ದಲಿ ಇಸಿದುಕೊಂಡು ತಾನೇ ಮಣ್ಣು ಎಳೆದ. ಎಳೆಯುತ್ತ ಎಳೆಯುತ್ತ ಅವನ ಭುಜಗಳು ಅಲುಗಾಡಿದವು. ಹಾವಿಸ್ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಅವಳ ಜಡೆ ಬಿಚ್ಚುತ್ತಿದ್ದಾಗ ಅವನು ಕೋಣೆಗೆ ಬಂದ. ನಾವು ಆಳುಗಳು ಅವರಿಗೆ ಮಣೆ ಪೀಠದ ಹಾಗೆ, ಇದ್ದರೂ ಇಲ್ಲದ ಹಾಗೆ.

"ನಿಮಗೆ ಗೊತ್ತಿತ್ತು," ಎಂದಳು ಹಾವಿಸ್, ತಿರುಗದೆ.

ಅವನು ಅಲ್ಲಗಳೆಯಲಿಲ್ಲ.

"ವಿಚಾರಣೆಗೆ ಮುಂಚೆ ದೊಡ್ಡಮ್ಮ ನನ್ನನ್ನ ಸೇಬಿನ ತೋಟಕ್ಕೆ ಕರೆದ್ರು. ಅಗಸಗಿತ್ತಿ ಮರಿಮಗ ಅನ್ನಿಸ್ಕೊಂಡು ಬದುಕ್ತೀಯೇನೋ ಅಂದ್ರು. ನಿಮ್ಮಮ್ಮನ ಹೆಸರು ಕೆಡುತ್ತೆ, ನಿಮ್ಮಣ್ಣ ಉಗೀತಾನೆ, ತಡ್ಕೋತೀಯಾ ಅಂದ್ರು. ತಡ್ಕೋತೀನಿ ಅಂದೆ. ನಿನಗೆ ಹೇಳ್ಬಾರ್ದು ಅಂತ ಮಾತು ತಗೊಂಡ್ರು."

"ಅವರ ಆತ್ಮದ ಬಗ್ಗೆ ಕೇಳಿದ್ರಾ?"

"ಇಲ್ಲ."

"ಯಾಕೆ?"

"ಕೇಳಿದ್ರೆ ಬೇಡ ಅನ್ಬೇಕಾಗ್ತಿತ್ತು," ಎಂದ.

ಹಾವಿಸ್‌ಳ ಕೂದಲು ಇನ್ನೂ ನನ್ನ ಕೈಯಲ್ಲಿತ್ತು.

"ನಾನೂ ಬಾಗ್ಲು ತೆಗೀಲಿಲ್ಲ," ಎಂದಳು.

ಅವಳು ಬೈದಿದ್ದರೆ ಅವನು ಕಾಲು ಹಿಡಿಯುತ್ತಿದ್ದನೇನೋ. ಅವನು ಹತ್ತಿರ ಬಂದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೇನೋ. ಇಬ್ಬರೂ ಇದ್ದಲ್ಲೇ ಇದ್ದರು. ಸ್ವಲ್ಪ ಹೊತ್ತು ನಿಂತು ಅವನು ಹೊರಟುಹೋದ. ಅಂದಿನಿಂದ ಅವರ ನಡುವೆ ಒಂದು ಕೆಟ್ಟ ಮಾತೂ ಹುಟ್ಟಲಿಲ್ಲ. ಮೇಜಿನಲ್ಲಿ ಅವನ ಬಟ್ಟಲಿಗೆ ಅವಳೇ ಒಳ್ಳೆಯ ತುಂಡು ಹಾಕುತ್ತಿದ್ದಳು. ಅವಳಿಗೆ ಚಳಿಯಾದರೆ ಅವನು ಎದ್ದು ತೋಳದ ಚರ್ಮ ಹೊದಿಸುತ್ತಿದ್ದ. ಆದರೆ ಒಬ್ಬರ ಮುಖವನ್ನು ಒಬ್ಬರು ನೋಡುತ್ತಿರಲಿಲ್ಲ. ನೋಡಿದರೆ ಅಲ್ಲಿ ಯಾರು ಕಾಣುತ್ತಿದ್ದರು ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನು ಗಡಿಯಿಂದ ಬರುವ ದಿನ ಅವಳು ನನ್ನ ಮುಂದೆ ಅಲುಗಾಡದೆ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು.

ಕೆಲವು ವರ್ಷಗಳಾದ ಮೇಲೆ ನಮ್ಮ ಅರ್ಲ್ ದೊರೆ ಐರ್ಲೆಂಡಿಗೆ ಸೈನ್ಯ ಒಯ್ಯುವಾಗ ವಾರಿನ್ ತಾನಾಗಿ ಹೊರಟ. ಹೋಗಬೇಕೆಂದು ಯಾರೂ ಅವನನ್ನು ಒತ್ತಾಯಿಸಿರಲಿಲ್ಲ. ಹೊರಡುವ ಮುಂಚೆ ಅವೆಲಿನ್‌ಳ ಮದುವೆಯ ಮಾತು ಮುಗಿಸಿದ. ಗಂಡಿನ ಮನೆ ದೂರದ ಉತ್ತರದ್ದು, ಎಷ್ಟು ತಲೆ ಎಣಿಸಿದರೂ ಎಲ್ಲೂ ಕೂಡದ ರಕ್ತ. ಹಾವಿಸ್ ಹೆಬ್ಬಾಗಿಲವರೆಗೂ ಬಂದು ಅವನ ಕುದುರೆಯ ಲಗಾಮು ಹಿಡಿದು ನಿಂತಳು. ಹುಷಾರಾಗಿರಿ ಎಂದಳು. ಅವನು ಬಾಗಿ ಅವಳ ತಲೆಯ ಮೇಲಿನ ಬಟ್ಟೆಗೆ ತುಟಿ ತಾಗಿಸಿದ.

ಮುಂದಿನ ಸುಗ್ಗಿಗೆ ಅಲ್ಲಿಂದ ಒಬ್ಬ ಸವಾರ ಬಂದ. ಗಡ್ಡ ನರೆತವನು, ವಾರಿನ್‌ನ ಹಳೆಯ ಜೊತೆಗಾರ. ಹಜಾರದಲ್ಲಿ ಟೊಪ್ಪಿಗೆ ತೆಗೆದು ನಿಂತಾಗಲೇ ನಮಗೆ ತಿಳಿಯಿತು. ಜ್ವರ ಬಂದು ಹೋದರು, ಕತ್ತಿಯ ಗಾಯವಲ್ಲ, ಒಂದು ಮಠದ ಅಂಗಳದಲ್ಲಿ ಹೂಳಿದೆವು ಎಂದ. ಹಾವಿಸ್ ನಿಂತೇ ಕೇಳಿದಳು.

"ಪಾದ್ರಿ ಇದ್ರಾ?"

"ಇದ್ರು ಅಮ್ಮಾ. ದೊರೆಗಳು ಇಡೀ ಬೆಳಿಗ್ಗೆ ಪಾಪಗಳನ್ನ ಹೇಳ್ಕೊಂಡ್ರು. ಒಂದನ್ನೂ ಉಳಿಸ್ಕೊಳ್ಳಲಿಲ್ಲ ಅಂತ ಆಮೇಲೆ ಅವರೇ ನಂಗಂದ್ರು. ಮುಖ ಮಗುವಿನ ಹಾಗಾಗಿತ್ತು."

"ಕೊನೆಗಾಲದ ಎಣ್ಣೆ ಹಚ್ಚಿದ್ರಾ?"

"ಹಚ್ಚಿದ್ರು. ಪ್ರಸಾದಾನೂ ಕೊಟ್ರು."

ಅವಳು ತಲೆಯಾಡಿಸಿದಳು. ಅವನಿಗೆ ಊಟ ಹಾಕಿ, ಕುದುರೆಗೆ ಓಟ್ಸ್ ಕೊಡಿ ಎಂದು ನಮಗೆ ಹೇಳಿದಳು. ಅವನು ಅತ್ತ ಹೋದ ಮೇಲೆ ಕಂಬಕ್ಕೆ ಕೈಯಾನಿಸಿಕೊಂಡಳು. ನಾನು ಹತ್ತಿರ ಹೋದೆ.

"ಒಳ್ಳೇದಾಯ್ತು ಗೋಡಿತ್. ಅವರು ದಾಟಿದ್ರು," ಎಂದಳು. ಆಮೇಲೆ, "ಹಾಗಾದ್ರೆ ಆ ಬೆಂಕೀಲಿ ಅತ್ತೆ ಹತ್ರ ಇನ್ನು ಯಾರೂ ಇಲ್ಲ," ಎಂದಳು.

ಅವೆಲಿನ್ ಹಿಂದಿನ ತೋಟದಲ್ಲಿ ಅವರೆ ಬಿಡಿಸುತ್ತಿದ್ದಳು. ಹದಿನಾಲ್ಕು ದಾಟಿದ ಎತ್ತರದ ಹುಡುಗಿ, ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಏನೋ ಗುನುಗುತ್ತಿದ್ದಳು. ನಾನು ಹೇಳಿಬರಲೇ ಅಮ್ಮಾ ಎಂದು ಕೇಳಿದೆ. ಹಾವಿಸ್ ಬೇಡವೆಂದು ಕೈಯಾಡಿಸಿ, ತಲೆಬಟ್ಟೆಯ ಅಂಚಿನಿಂದ ಮುಖ ಒರೆಸಿಕೊಂಡು, ಬಿಸಿಲಿಗೆ ಇಳಿದು ಮಗಳ ಕಡೆ ನಡೆದಳು.